ಮೊಣಕಾಲು ನೀರಿನವನು

ಹೆತ್ತವರು ಇಟ್ಟ ಹೆಸರು ಆಸ್ಪತ್ರೆಯ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಸಮುದ್ರದ ದಡದಲ್ಲಿ ಅವನು ಮೊಣಕಾಲು. ವಾರಕ್ಕೊಂದು ದಿನ, ಬೇಕರಿಗೆ ರಜೆ ಇರುವ ದಿನ, ಅಣ್ಣನ ಪಕ್ಕದಲ್ಲಿ ನಿಂತು ಗಾಳ ಎಸೆಯತೊಡಗಿ ಇಪ್ಪತ್ತಾರು ವರ್ಷವಾಗಿತ್ತು. ಆ ಇಪ್ಪತ್ತಾರು ವರ್ಷವೂ ಅವನ ನೂಲಿಗೆ ಕಟ್ಟಿದ ಸೀಸದ ಗುಂಡು ಮೊಣಕಾಲುದ್ದದ ನೀರಿನಲ್ಲೇ ಡುಬುಕ್ಕೆಂದು ಬಿದ್ದಿತ್ತು.

ಈ ಅಡ್ಡಹೆಸರಿಟ್ಟವನು ನಿವೃತ್ತ ಬಸ್ ಕಂಡಕ್ಟರು. ಮಡಚುವ ಕುರ್ಚಿಯ ಮೇಲೆ ಕೂತು, ಮೀನಿಗಿಂತ ಹೆಚ್ಚಾಗಿ ಮನುಷ್ಯರನ್ನೇ ಗಾಳಕ್ಕೆ ಸಿಕ್ಕಿಸುವ ಆಸಾಮಿ. ತಮ್ಮ ಗಾಳ ಎಸೆದಾಗಲೆಲ್ಲ ಕಂಡಕ್ಟರ ಬಾಯಿಂದ ಹಳೆಯ ಅಭ್ಯಾಸದ ಮಾತು ಹೊರಡುತ್ತಿತ್ತು.

"ಮೊಣಕಾಲಣ್ಣ, ಮುಂದೆ ಹೋಗಿ, ಮುಂದೆ ಹೋಗಿ. ಒಳಗೆ ಬೇಕಾದಷ್ಟು ಜಾಗ ಇದೆ."

ನಿಜಕ್ಕೂ ಜಾಗವಿತ್ತು. ದಡದಿಂದ ಎಂಬತ್ತು ಹೆಜ್ಜೆಯಾಚೆ ನೀರಿನಡಿಯಲ್ಲಿ ಉದ್ದಕ್ಕೊಂದು ಮರಳದಿಬ್ಬ. ಕಣ್ಣಿಗೆ ಕಾಣದು, ಆದರೆ ಅಲೆಗಳು ಮೊದಲು ಒಡೆದು ಬೆಳ್ಳಗಾಗುವುದು ಅದರ ಬೆನ್ನ ಮೇಲೆ. ಅದರಾಚೆಗೆ ಆಳ. ದೊಡ್ಡ ಮೀನು ತಿರುಗುವುದು ಅಲ್ಲಿ. ಅಣ್ಣ ಎಸೆದರೆ ಗುಂಡು ಆ ಬಿಳಿ ಗೆರೆಯನ್ನು ದಾಟಿ ಸದ್ದಿಲ್ಲದೆ ಮುಳುಗುತ್ತಿತ್ತು. ಅಣ್ಣನಿಗೆ ಅವಸರ ಎಂಬುದಿರಲಿಲ್ಲ. ಹಾಸಿಗೆಯಲ್ಲಿ ಮಗ್ಗುಲು ಬದಲಿಸುವವನಂತೆ ಸೊಂಟ ತಿರುಗಿಸುತ್ತಿದ್ದ, ಅಷ್ಟೇ. ನೂಲು ಹಾಡುತ್ತ ಹೋಗುತ್ತಿತ್ತು.

ತಮ್ಮನ ಪಾಲಿಗೆ ಬಂದದ್ದು ದಡದ ಸಣ್ಣ ನೀರಿನ ಬೆರಳುದ್ದದ ಮೀನುಗಳು. ಅವನ್ನು ಬಿಡಿಸಿ ಬಕೆಟ್ಟಿಗೆ ಹಾಕುತ್ತಿದ್ದ. ಅಣ್ಣ ಅದರಲ್ಲೊಂದನ್ನು ಎತ್ತಿ ತನ್ನ ಗಾಳಕ್ಕೆ ಚುಚ್ಚಿ ದಿಬ್ಬದಾಚೆಗೆ ಎಸೆಯುತ್ತಿದ್ದ. ಸಣ್ಣ ಮೀನಿನ ಹಿಂದೆ ದೊಡ್ಡ ಮೀನು ಬರುತ್ತಿತ್ತು. ಕೊಡುವ ಭಗವಂತ ಒಬ್ಬನೇ, ಅಳತೆ ಮಾತ್ರ ಬೇರೆ ಬೇರೆ ಎಂದು ತಮ್ಮ ಸಮಾಧಾನದಿಂದಿದ್ದ. ಪ್ರತಿ ಎಸೆತಕ್ಕೂ ಮೊದಲು ತುಟಿಯಲ್ಲೇ ದೇವರ ಹೆಸರು ಹೇಳಿಕೊಳ್ಳುವುದು ಅವನ ರೂಢಿ. ಅದನ್ನು ನೋಡಿ ಕಂಡಕ್ಟರು, "ದೇವರೂ ಮೊಣಕಾಲುದ್ದದ ನೀರಲ್ಲೇ ಇಳಿದುಬಿಟ್ಟ ನೋಡಿ, ಪಾಪ, ಅವನಿಗೂ ಈಜು ಬರಲ್ಲ ಅಂತ ಕಾಣುತ್ತೆ" ಎನ್ನುತ್ತಿದ್ದ. ಎಲ್ಲರೊಂದಿಗೆ ತಮ್ಮನೂ ನಗುತ್ತಿದ್ದ.

ಬೇಕರಿ ಅಪ್ಪನ ಕಾಲದ್ದು. ಉದ್ದನೆಯ ಒಂದೇ ಕೋಣೆ. ಒಂದು ತುದಿಗೆ ಇಟ್ಟಿಗೆಯ ಭಟ್ಟಿ, ಇನ್ನೊಂದು ತುದಿಗೆ ನಾದುವ ಮೇಜು. ಭಟ್ಟಿಯ ಒಳಗೆ ಇಬ್ಬರು ತಲೆಗೆ ಕಾಲು ಕೊಟ್ಟು ಮಲಗುವಷ್ಟು ಆಳ. ಅದಕ್ಕೆ ತಕ್ಕ ಹಲಗೆ, ಹತ್ತಡಿ ಹಿಡಿಯದು, ದೋಣಿಯ ಹುಟ್ಟಿನಂಥದ್ದು. ಅದರ ತುದಿಯ ಮೇಲೆ ಹಸಿ ಬ್ರೆಡ್ಡುಗಳನ್ನಿಟ್ಟು ಬೆಂಕಿಯ ಹೊಟ್ಟೆಯೊಳಗೆ ಇಳಿಸುವುದು ಅಣ್ಣನ ಕೆಲಸ. ತಮ್ಮ ಮೂವತ್ತು ವರ್ಷದಿಂದ ಮೇಜಿನ ಹತ್ತಿರ. ಅಲ್ಲಿಂದ ಅವನಿಗೆ ಕಾಣುತ್ತಿದ್ದದ್ದು ಅಣ್ಣನ ಬೆನ್ನು, ಮುಂದಕ್ಕೆ ಹೋಗುವ ಬಲಮೊಣಕೈ, ಬೆವರು ಇಳಿದ ಬನಿಯನ್. ಕೊಳ್ಳಲು ಬಂದವರು ಬಿಸಿ ಬ್ರೆಡ್ಡನ್ನು ಮೂಸಿ, ನಿಮ್ಮಣ್ಣನ ಕೈಗುಣ ಎನ್ನುತ್ತಿದ್ದರು. ಹಿಟ್ಟಿಗೂ ಒಂದು ಕೈಗುಣ ಬೇಕು ಎಂಬುದು ಯಾರ ಮೂಗಿಗೂ ಹತ್ತಿರಲಿಲ್ಲ.

ಗಾಳ ಎಸೆಯುವುದನ್ನು ಕಲಿಸಿದವನೂ ಅಣ್ಣನೇ. ಅಪ್ಪ ತೀರಿಕೊಂಡ ವರ್ಷ, ಮನಸ್ಸು ಹಗುರವಾಗಲೆಂದು ದಡಕ್ಕೆ ಕರೆದೊಯ್ದು, ಕೋಲು ಕೈಗಿತ್ತು ಹೇಳಿದ್ದ.

"ನಾನು ಹಲಗೆ ತಳ್ಳೋದು ದಿನಾ ನೋಡ್ತೀಯಲ್ಲ. ಹಂಗೇ ತಳ್ಳು. ಬಲಗೈ ಗಟ್ಟಿಯಾಗಿ, ಭುಜ ಹಾಕಿ ತಳ್ಳು."

ತಮ್ಮ ತಳ್ಳಿದ. ಗುಂಡು ಹತ್ತಿರವೇ ಬಿತ್ತು. ಇನ್ನೂ ಜೋರಾಗಿ ತಳ್ಳಿದ. ಇನ್ನೂ ಹತ್ತಿರ ಬಿತ್ತು. ವರ್ಷಗಟ್ಟಲೆ ತಳ್ಳಿ ತಳ್ಳಿ ಬಲಭುಜದಲ್ಲಿ ಒಂದು ನೋವು ಮನೆ ಮಾಡಿಕೊಂಡಿತು. ಅಣ್ಣ ಒಂದು ದಿನ ಅವನ ಭುಜದ ಮೇಲೆ ಕೈಯಿಟ್ಟು ಪ್ರೀತಿಯಿಂದಲೇ ಅಂದಿದ್ದ.

"ಹೋಗ್ಲಿ ಬಿಡೋ. ನಿನ್ನ ಕೈಗೆ ದೂರ ಇಲ್ಲ. ಕೆಲವರಿಗೆ ದೇವರು ಕೊಟ್ಟಿರಲ್ಲ."

ಅಣ್ಣನ ಬಾಯಲ್ಲಿ ಬಂದ ಮಾತು, ಅದರಲ್ಲೂ ದೇವರ ಸಾಕ್ಷಿ ಹಾಕಿ ಬಂದದ್ದು. ಅವನು ಅದನ್ನು ವೇದವಾಕ್ಯದಂತೆ ನಂಬಿದ.

ಐವತ್ತೆರಡಕ್ಕೆ ಬಂದಾಗ ಆ ನಂಬಿಕೆ ಅಲ್ಲಾಡಿತು. ಅರವತ್ತರ ಅಣ್ಣನ ಕಣ್ಣಿಗೆ ಪೊರೆ ಬೆಳೆದಿತ್ತು. ಡಾಕ್ಟರು, "ಇನ್ನು ಬೆಂಕಿ ಮುಂದೆ ನಿಂತರೆ ಇರೋ ಬೆಳಕೂ ಹೋಗುತ್ತೆ" ಎಂದು ಖಂಡಿತವಾಗಿ ಹೇಳಿದರು. ಬರುವ ತಿಂಗಳ ಮೊದಲ ದಿನದಿಂದ ಹಲಗೆ ಬೇರೆ ಕೈಗೆ ಹೋಗಬೇಕು. ಆ ಕೈ ತನ್ನದೇ ಎಂಬುದರಲ್ಲಿ ತಮ್ಮನಿಗೆ ಅನುಮಾನವಿರಲಿಲ್ಲ. ಅನುಮಾನ ಬರುವ ವಿಷಯವೆಂದೇ ಅನ್ನಿಸಿರಲಿಲ್ಲ. ಒಂದು ಬೆಳಿಗ್ಗೆ ಹಿಟ್ಟಿನ ಮುದ್ದೆಯಿಂದ ತಲೆಯೆತ್ತಿ ನೋಡಿದರೆ, ಭಟ್ಟಿಯ ಮುಂದೆ ಅಣ್ಣನ ಅಳಿಯ ಹಲಗೆ ಹಿಡಿದು ನಿಂತಿದ್ದಾನೆ. ಅಣ್ಣ ಅವನ ಬೆನ್ನ ಹಿಂದೆ ನಿಂತು ಕೈ ತಿದ್ದುತ್ತಿದ್ದಾನೆ. ಅಳಿಯ ಒಳ್ಳೆಯವನೇ. ಫೋನ್ ರಿಪೇರಿ ಅಂಗಡಿ ಮುಚ್ಚಿ ಬೇಕರಿಗೆ ಸೇರಿ ಎಂಟು ತಿಂಗಳಾಗಿತ್ತು. ಬ್ರೆಡ್ಡು ಯಾವ ಕಡೆಯಿಂದ ಉಬ್ಬುತ್ತದೆ ಎಂಬುದು ಅವನಿಗಿನ್ನೂ ಆಶ್ಚರ್ಯದ ವಿಷಯವೇ.

ಬೇಕರಿಯಲ್ಲಿ ಕೇಳಲು ತಮ್ಮನಿಗೆ ಬಾಯಿ ಬರಲಿಲ್ಲ. ರಜೆಯ ದಿನ ದಡದಲ್ಲಿ, ಕಂಡಕ್ಟರು ಮತ್ತು ಅಳಿಯ ಇಬ್ಬರೂ ಇದ್ದಾಗಲೇ ಕೇಳಿದ.

"ಅಣ್ಣ, ಹಲಗೆ ನನಗೆ ಬರುತ್ತೆ ಅಂದ್ಕೊಂಡಿದ್ದೆ."

ಅಣ್ಣ ನೂಲು ಸುತ್ತುತ್ತಲೇ ನಕ್ಕ. "ಭಟ್ಟಿ ಎಷ್ಟು ಆಳ ಇದೆ ಗೊತ್ತಲ್ಲ. ಹಿಂದಿನ ಗೋಡೆ ತನಕ ಬ್ರೆಡ್ಡು ಮುಟ್ಟಿಸಬೇಕು. ಮೊಣಕಾಲುದ್ದಕ್ಕೆ ಎಸೆಯೋ ಕೈ ಅಲ್ಲಿಗೆ ಮುಟ್ಟುತ್ತೇನೋ?"

"ಭಟ್ಟಿ ಬೇರೆ, ಸಮುದ್ರ ಬೇರೆ."

"ಕೈ ಒಂದೇ ತಾನೆ?" ಅಣ್ಣ ಸುತ್ತ ನೋಡಿ ದನಿಯೆತ್ತಿದ. "ಸರಿ, ಎಲ್ಲರ ಮುಂದೆ ಹೇಳ್ತೀನಿ. ತಿಂಗಳು ಮುಗಿಯೋದ್ರೊಳಗೆ ನಿನ್ನ ಗುಂಡು ದಿಬ್ಬ ದಾಟಲಿ, ಹಲಗೆ ನಿನ್ನ ಕೈಗೆ. ಕಂಡಕ್ಟರೇ, ನೀವೇ ಸಾಕ್ಷಿ."

"ಬರ್ಕೊಂಡೆ," ಎಂದ ಕಂಡಕ್ಟರು. "ಆದ್ರೆ ಇದು ಕೋಳಿಗೆ ಹಲ್ಲು ಬಂದ ಮೇಲೆ ಕಡಲೆ ಕೊಡಿಸ್ತೀನಿ ಅಂದ ಹಾಗಾಯ್ತು."

ನಗು ಗಾಳಿಯ ಜೊತೆ ದಡದುದ್ದಕ್ಕೂ ಹೋಯಿತು. ಈ ಸಲ ತಮ್ಮನಿಗೆ ನಗು ಬರಲಿಲ್ಲ.

ಅವರೆಲ್ಲ ಹೊರಟ ಮೇಲೂ ಅವನು ಎಸೆಯುತ್ತಲೇ ಇದ್ದ. ಭುಜ ಉರಿಯುತ್ತಿತ್ತು. ದಡದ ಆ ತುದಿಯಲ್ಲಿ ಒಬ್ಬಳೇ ನಿಂತು ಮೀನು ಹಿಡಿಯುವ ಹೆಂಗಸೊಬ್ಬಳಿದ್ದಳು. ಹುಡುಗಿಯರ ಶಾಲೆಯಲ್ಲಿ ಆಟದ ಟೀಚರಾಗಿದ್ದವಳು, ಈಟಿ ಎಸೆತ ಕಲಿಸಿದವಳು, ಎಲ್ಲರಿಗೂ ಟೀಚರಮ್ಮ. ಕಡ್ಡಿಯಂಥ ಕೈ, ಆದರೆ ಗುಂಡು ಸಲೀಸಾಗಿ ದಿಬ್ಬದಾಚೆ. ಅವಳು ತನ್ನ ಸಾಮಾನು ಹೊತ್ತು ಹೊರಟವಳು ಅವನ ಹಿಂದೆ ನಿಂತು ಮೂರು ಎಸೆತ ನೋಡಿದಳು.

"ನಿಮ್ಮ ಎಡಗೈ ಮದುವೆ ಮನೆಗೆ ಬಂದ ದೂರದ ನೆಂಟರ ಹಾಗಿದೆ," ಅಂದಳು. "ಬಂದಿದೆ, ನಿಂತಿದೆ, ಒಂದು ಕೆಲಸಾನೂ ಮುಟ್ಟಲ್ಲ."

ಅವನು ತನ್ನ ಎಡಗೈ ನೋಡಿಕೊಂಡ. ಕೋಲಿನ ಬುಡ ಹಿಡಿದುಕೊಂಡು ಅದು ಸುಮ್ಮನೆ ಇತ್ತು.

"ಕೋಲು ಅಂದ್ರೆ ಬಿಲ್ಲು ಕಣ್ರೀ. ಬಗ್ಗಿದ್ರೆ ತಾನೇ ಬಾಣ ಹೋಗೋದು? ನೀವು ಬಲಗೈಲಿ ತಳ್ಳಿದ್ರೆ ಕೋಲು ಪೂರ್ತಿ ಮುಂದಕ್ಕೆ ನಡ್ಕೊಂಡು ಹೋಗುತ್ತೆ, ಬಗ್ಗೋದೇ ಇಲ್ಲ. ಎಡಗೈಲಿ ಬುಡ ಎಳೀಬೇಕು, ಪಕ್ಕೆಗೆ ಬಂದು ಬಡೀಬೇಕು. ಆಗ ತುದಿ ತಾನಾಗೇ ಹಾರುತ್ತೆ. ತಳ್ಳೋದು ಯಾರು ಹೇಳ್ಕೊಟ್ರು?"

"ನಮ್ಮಣ್ಣ. ಭಟ್ಟಿಗೆ ಹಲಗೆ ತಳ್ಳೋ ಹಾಗೆ ಅಂತ."

"ನಿಮ್ಮಣ್ಣ ಎಸೆಯೋದು ಹಾಗಲ್ಲವಲ್ಲ. ಎಷ್ಟು ವರ್ಷದಿಂದ ನೋಡ್ತಿದೀನಿ. ಅವರ ಎಡಗೈ ಹಾವು ಕಂಡ ಹಾಗೆ ಹಿಂದಕ್ಕೆ ಬರುತ್ತೆ." ಅವಳು ಸ್ವಲ್ಪ ಯೋಚಿಸಿ ಕೇಳಿದಳು: "ಭಟ್ಟಿಲಿ ಬ್ರೆಡ್ಡು ಹಲಗೆ ಬಿಟ್ಟು ಇಳಿಯೋದು ಯಾವಾಗ? ತಳ್ಳಿದಾಗಲೋ, ಎಳೆದಾಗಲೋ?"

ಅವನಿಗೆ ಗೊತ್ತಿರಲಿಲ್ಲ. ಮೂವತ್ತು ವರ್ಷ ಬೇಕರಿಯಲ್ಲಿ ದುಡಿದವನಿಗೆ ಅದು ಗೊತ್ತಿರಲಿಲ್ಲ.

ಮರುದಿನ ನೀರಿನ ಬಿಂದಿಗೆ ತರುವ ನೆಪದಲ್ಲಿ ಭಟ್ಟಿಯ ಪಕ್ಕಕ್ಕೆ ಹೋಗಿ ನಿಂತ. ಅಣ್ಣ ಹಲಗೆಯನ್ನು ಒಳಕ್ಕೆ ತಳ್ಳಿದ. ನಾಲ್ಕು ಬ್ರೆಡ್ಡೂ ಹಲಗೆಯ ಮೇಲೇ ಇದ್ದವು. ಆಮೇಲೆ ಎಡಗೈಯಿಂದ ಚಕ್ಕೆಂದು ಹಿಂದಕ್ಕೆ ಒಂದು ಜಗ್ಗು. ಹಲಗೆ ಹೊರಗೆ ಬಂತು, ಬ್ರೆಡ್ಡುಗಳು ಅಲ್ಲೇ ಉಳಿದವು. ಆ ಜಗ್ಗು ಅಣ್ಣನ ಮೈಯ ಮರೆಯಲ್ಲಿ ನಡೆಯುತ್ತಿತ್ತು. ನಾದುವ ಮೇಜಿನಿಂದ ನೋಡುವವನಿಗೆ ಕಾಣುವ ಹಾಗಿರಲಿಲ್ಲ. ತಳ್ಳುವುದು ಬರೀ ದಾರಿ. ಕೆಲಸ ನಡೆಯುವುದು ಎಳೆತದಲ್ಲಿ. ಹಲಗೆ ಮುಟ್ಟದವನಿಗೆ ಗಾಳದ ಗುಟ್ಟು ತಿಳಿಯದು. ಗಾಳ ಬಾರದವನಿಗೆ ಹಲಗೆ ಕೊಡರು. ಗಾಣದ ಎತ್ತಿನ ಹಾಗೆ ಇದರೊಳಗೇ ಅವನು ಇಷ್ಟು ವರ್ಷ ಸುತ್ತಿದ್ದ.

"ಏನೋ, ದಾರಿಗಡ್ಡ ನಿಂತಿದೀಯ?" ಎಂದ ಅಣ್ಣ.

"ನೀರಿಗೆ ಬಂದೆ," ಎಂದು ತಮ್ಮ ಬಿಂದಿಗೆ ಎತ್ತಿಕೊಂಡ.

ಅಣ್ಣ ಬೇಕೆಂದೇ ಮುಚ್ಚಿಟ್ಟ ಎಂದು ಅವನು ಎಣಿಸಲಿಲ್ಲ. ಈಜುವವನಿಗೆ ಈಜು ಬಾಯಲ್ಲಿ ಹೇಳಲು ಬರುವುದಿಲ್ಲ. ಕೈಗೆ ಗೊತ್ತಿರುವುದೆಲ್ಲ ಬಾಯಿಗೆ ಗೊತ್ತಿರಬೇಕೆಂದಿಲ್ಲ. ಪಾಪ, ಅಣ್ಣನಿಗೆ ತನ್ನ ಎಡಗೈ ಏನು ಮಾಡುತ್ತದೆಂಬುದೇ ತಿಳಿದಿರಲಿಕ್ಕಿಲ್ಲ. ಹೀಗೆ ಅಂದುಕೊಂಡು, ಆ ಅನಿಸಿಕೆಯನ್ನು ಗಾಳಿಯಲ್ಲಿ ದೀಪಕ್ಕೆ ಕೈ ಅಡ್ಡ ಹಿಡಿದವನಂತೆ ಕಾಪಾಡಿಕೊಂಡ.

ಆ ದಿನದಿಂದ ಮಧ್ಯಾಹ್ನ ಮೂರಕ್ಕೆ, ಬೇಕರಿಯ ಕೆಲಸ ಮುಗಿದ ಮೇಲೆ, ಟೀಚರಮ್ಮನ ಹಳೆಯ ಶಾಲೆಯ ಮೈದಾನ. ಮಕ್ಕಳ ರಜೆಯ ಕಾಲ, ಮೈದಾನ ಖಾಲಿ. ಅವಳು ಹತ್ತು ಹತ್ತು ಹೆಜ್ಜೆಗೆ ಕಡ್ಡಿ ನೆಟ್ಟು ಬಟ್ಟೆಯ ಚಿಂದಿ ಕಟ್ಟಿದಳು. ಗಾಳ ತೆಗೆಸಿದಳು; ನೂಲಿನ ತುದಿಗೆ ಬರೀ ಸೀಸದ ಗುಂಡು. ಅವಳ ಪಾಠದಲ್ಲಿ ಸಮುದ್ರದ ಮಾತೇ ಇರಲಿಲ್ಲ. ಕಾಲು ಎಲ್ಲಿ, ಸೊಂಟ ಎತ್ತ, ಕಣ್ಣು ಎಷ್ಟು ಮೇಲೆ, ಅಷ್ಟೇ.

ಮೊದಲ ವಾರ ಇದ್ದದ್ದೂ ಹೋಯಿತು. ಎಡಗೈ ಎಳೆದರೆ ಬಲಗೈ ಮರೆಯುತ್ತಿತ್ತು. ಗುಂಡು ನೆಟ್ಟಗೆ ಆಕಾಶಕ್ಕೆ ಹೋಗಿ ಬೆನ್ನ ಹಿಂದೆ ಬಿತ್ತು. ಟೀಚರಮ್ಮ ತಲೆ ಬಗ್ಗಿಸಿ ತಪ್ಪಿಸಿಕೊಂಡಳು.

"ನಿಧಾನ ಕಣ್ರೀ. ನಾನಿನ್ನೂ ಮೊಮ್ಮಗಳ ಮುಖ ನೋಡೋದಿದೆ."

ಮೂರನೆಯ ದಿನ ನೂಲೇ ಕಡಿದು ಗುಂಡು ಮೈದಾನದ ಗೋಡೆ ಹಾರಿತು. ತೋರುಬೆರಳು ನೂಲಿಗೆ ಸಿಕ್ಕಿ ಕುಯ್ದುಕೊಂಡಿತು. ಅದಕ್ಕೆ ಹಳೆಯ ಚಪ್ಪಲಿಯ ತೊಗಲು ಕತ್ತರಿಸಿ ಸುತ್ತಿಕೊಂಡ. ಕೋಲಿನ ತುದಿ ತಲೆಯ ಮೇಲಿಂದ ಹಾದು ಕಣ್ಣಿನ ಅಂಚಿಗೆ ಕಂಡ ಗಳಿಗೆಯಲ್ಲೇ ಬೆರಳು ಬಿಡಬೇಕು. ಬೇಗ ಬಿಟ್ಟರೆ ಆಕಾಶ, ತಡವಾದರೆ ನೆಲ. ಅವನು ಪ್ರತಿ ಸಲವೂ ಹಲ್ಲು ಕಚ್ಚಿ ಬಲ ಹಾಕುತ್ತಿದ್ದ. ಅವಳು ಪ್ರತಿ ಸಲವೂ ಒಂದೇ ಮಾತು ಹೇಳುತ್ತಿದ್ದಳು.

"ಅರ್ಧ ಬಲ. ಅರ್ಧ ಸಾಕು. ಸಿಟ್ಟಲ್ಲಿ ಎಸೆದ್ರೆ ಸಿಟ್ಟು ದೂರ ಹೋಗುತ್ತೆ, ಗುಂಡು ಹೋಗಲ್ಲ."

ಎಡಗೈ ನಿಜವಾಗಿ ಪಕ್ಕೆಯವರೆಗೆ ಬರುತ್ತಿದೆಯೋ ಇಲ್ಲವೋ ತಿಳಿಯಲು ಅವನೇ ಒಂದು ಉಪಾಯ ಕಂಡುಕೊಂಡ. ಕೋಲಿನ ಬುಡಕ್ಕೆ ಒಣಹಿಟ್ಟು ಮೆತ್ತುವುದು. ಎಸೆತ ಸರಿಯಿದ್ದರೆ ಅಂಗಿಯ ಎಡಪಕ್ಕೆಯ ಮೇಲೆ ಬಿಳಿ ಮುದ್ರೆ ಬೀಳಬೇಕು. ಎರಡನೆಯ ವಾರಕ್ಕೆ ಹತ್ತರಲ್ಲಿ ಮೂರು ಮುದ್ರೆ, ಮೂರನೆಯ ವಾರಕ್ಕೆ ಹತ್ತರಲ್ಲಿ ಏಳು. ಗುಂಡು ಐವತ್ತರ ಚಿಂದಿ ದಾಟಿತು, ಎಪ್ಪತ್ತರದು ದಾಟಿತು. ವಿಚಿತ್ರವೆಂದರೆ ಭುಜದ ನೋವು ತಾನಾಗಿ ಇಳಿಯಿತು.

ಬಟ್ಟೆ ಒಗೆಯುವಾಗ ಹೆಂಡತಿ ಅಂಗಿಯನ್ನು ಬೆಳಕಿಗೆ ಹಿಡಿದಳು.

"ಏನ್ರೀ ಇದು, ಹಿಟ್ಟು ಹತ್ತೋದು ಹೊಟ್ಟೆಗೆ. ಪಕ್ಕೆಗೆ ಯಾರು ಹಚ್ಚಿದ್ರು?"

"ಟೀಚರಮ್ಮನ ಪಾಠ."

"ಈ ವಯಸ್ಸಲ್ಲಿ ಟ್ಯೂಷನ್ನಾ? ಪರೀಕ್ಷೆ ಯಾವಾಗ?"

ಅವನು ಎಲ್ಲವನ್ನೂ ಹೇಳಿದ. ಅವಳು ಅಂಗಿಯನ್ನು ಹಿಂಡುತ್ತ ಕೇಳಿಸಿಕೊಂಡಳು. "ಅಲ್ಲ, ಹಲಗೆ ಸಿಕ್ಕಿದ್ರೆ ಏನು ಮಾಡ್ತೀರಿ? ಬಿಸಿ ಜಾಸ್ತಿ, ಅಷ್ಟೇ ತಾನೆ?"

"ಬ್ರೆಡ್ಡು ಮಾಡ್ತೀನಿ."

"ಇಷ್ಟು ದಿನ ಏನು ಮಾಡ್ತಿದ್ರಿ?"

"ಹಿಟ್ಟು ನಾದ್ತಿದ್ದೆ," ಎಂದ ಅವನು. "ಬ್ರೆಡ್ಡು ಅಣ್ಣ ಮಾಡ್ತಾನೆ ಅಂತ ತಾನೇ ಊರೆಲ್ಲ ಹೇಳೋದು? ನಾನು ಸತ್ತ ಮೇಲೂ ಹಾಗೇ ಹೇಳ್ತಾರೆ. ಒಂದು ದಿನವಾದ್ರೂ ನನ್ನ ಕೈಯಿಂದ ಬೆಂದು ಬರಬೇಕು."

ಅವಳು ಅಂಗಿಯನ್ನು ತಂತಿಗೆ ಹರವಿದಳು. "ನಿಮ್ಮಣ್ಣನಿಗೆ ಈ ಎಳೆಯೋದು ನಿಜವಾಗ್ಲೂ ಗೊತ್ತಿಲ್ಲ ಅಂತೀರಾ?"

"ಗೊತ್ತಿದ್ರೆ ಹೇಳ್ತಿದ್ದ."

ಹೆಂಡತಿ ಬಕೆಟ್ಟಿನಿಂದ ಇನ್ನೊಂದು ಬಟ್ಟೆ ಎತ್ತಿ ಹಿಂಡಿದಳು. ಅವಳು ಆ ಮನೆಗೆ ಬಂದು ಇಪ್ಪತ್ತೆಂಟು ವರ್ಷವಾಗಿತ್ತು.

ತಿಂಗಳ ಕೊನೆಯ ರಜೆಯ ದಿನ ಬೆಳಿಗ್ಗೆ ಸಮುದ್ರ ಇಳಿದಿತ್ತು. ದಿಬ್ಬದ ಮೇಲಿನ ಬಿಳಿ ಗೆರೆ ಎಳೆದಿಟ್ಟ ಹಾಗೆ ಸ್ಪಷ್ಟವಾಗಿತ್ತು. ಅಣ್ಣ ಕಪ್ಪು ಕನ್ನಡಕ ಹಾಕಿಕೊಂಡು ಬಂದಿದ್ದ. ಅಳಿಯ ಚೀಲ ಹೊತ್ತು ಬಂದಿದ್ದ. ಕಂಡಕ್ಟರು ಕುರ್ಚಿ ಬಿಡಿಸಿ, "ಇವತ್ತು ಲಾಸ್ಟ್ ಬಸ್ಸು. ಯಾರ್ಯಾರು ಹತ್ತೋರು ಹತ್ತಿಬಿಡಿ" ಎಂದ. ಟೀಚರಮ್ಮ ತನ್ನ ಎಂದಿನ ಜಾಗದಲ್ಲಿ, ಇತ್ತ ನೋಡದೆ ನಿಂತಿದ್ದಳು.

"ಮೊದಲು ಎರೆಗೆ ನಾಲ್ಕು ಮೀನು ಹಿಡಿ," ಎಂದ ಅಣ್ಣ.

"ಮೊದಲು ಒಂದು ಎಸೀತೀನಿ," ಎಂದ ತಮ್ಮ.

ಸಮುದ್ರಕ್ಕೆ ಬೆನ್ನು ಮಾಡಿ ನಿಂತ. ಗುಂಡನ್ನು ಹಿಂದಿನ ಮರಳಿನ ಮೇಲೆ ಮಲಗಿಸಿದ. ಸೊಂಟ ಮೊದಲು ತಿರುಗಿತು, ಭುಜ ಹಿಂಬಾಲಿಸಿತು, ಬಲಗೈ ಕಣ್ಣಿನ ಎತ್ತರಕ್ಕೆ ಏರಿತು. ಆಗ ಎಡಗೈ ಬುಡವನ್ನು ಪಕ್ಕೆಗೆ ಎಳೆದುಕೊಂಡಿತು. ಬೆರಳಿನಿಂದ ನೂಲು ಬಿಟ್ಟುಹೋಯಿತು. ರೀಲು ಅವನು ಎಂದೂ ಕೇಳದ ದನಿಯಲ್ಲಿ ಗುಂಯ್‌ಗುಟ್ಟಿತು. ಗುಂಡು ಬಿಳಿ ಗೆರೆಯ ಮೇಲಿಂದ ಹಾದು, ಅದರಾಚೆ ಹತ್ತು ಹೆಜ್ಜೆ ದೂರದಲ್ಲಿ ನೀರಿಗೆ ಸೇರಿತು. ಸದ್ದು ದಡಕ್ಕೆ ಕೇಳಲಿಲ್ಲ. ದೇವರ ಹೆಸರು ಹೇಳಲು ಮರೆತಿದ್ದೆನೆಂಬುದು ಅವನಿಗೆ ಆಮೇಲೆ ಹೊಳೆಯಿತು.

ಮೊದಲು ಬಾಯಿ ಬಿಟ್ಟವನು ಕಂಡಕ್ಟರು. "ಗುಂಡು ಎಲ್ಲಿ ಇಳೀತಪ್ಪ? ನನಗೆ ಸ್ಟಾಪೇ ಕಾಣಲಿಲ್ಲ."

"ಗಾಳಿ ಹಿಂದಿನಿಂದ ಇದೆ," ಎಂದ ಅಣ್ಣ.

ಗಾಳಿ ಎದುರಿನಿಂದ ಬೀಸುತ್ತಿತ್ತು. ತಮ್ಮ ನೂಲು ಸುತ್ತಿಕೊಂಡು ಇನ್ನೊಮ್ಮೆ ಎಸೆದ. ದಾಟಿತು. ಮೂರನೆಯ ಸಲ ಅರ್ಧಕ್ಕಿಂತ ಕಡಿಮೆ ಬಲ ಹಾಕಿದ. ಅದೂ ದಾಟಿತು. ಅಳಿಯ ಚಪ್ಪಾಳೆ ತಟ್ಟಲು ಕೈಯೆತ್ತಿದವನು ಮಾವನ ಮುಖ ನೋಡಿ ಇಳಿಸಿದ.

ಅಣ್ಣ ಹತ್ತಿರ ಬಂದ. ಕನ್ನಡಕ ತೆಗೆದ. ಬೇರೆಯವರಿಗೆ ಕೇಳದಂತೆ, ಮೆಲುದನಿಯಲ್ಲಿ ಕೇಳಿದ.

"ಎಡಗೈ ಎಳೆಯೋದು ಯಾರು ಹೇಳ್ಕೊಟ್ರು?"

ತಮ್ಮ ಕೋಲು ಹಿಡಿದು ಹಾಗೇ ನಿಂತ. ಒಂದು ತಿಂಗಳಿಂದ ಕೈ ಅಡ್ಡ ಹಿಡಿದು ಕಾಪಾಡಿದ್ದ ದೀಪ, ಯಾರಿಗಾಗಿ ಹಚ್ಚಿಟ್ಟಿದ್ದನೋ ಅವನೇ ಬಂದು ಊದಿದ ಹಾಗೆ ಆರಿಹೋಯಿತು. ಗೊತ್ತಿಲ್ಲದವನು ಹೇಗೆ ಎಸೆದೆ ಎಂದು ಕೇಳುತ್ತಾನೆ. ಎಡಗೈಯ ಹೆಸರು ಹಿಡಿದು ಕೇಳುವವನು ಗೊತ್ತಿದ್ದವನು.

"ನಿನಗೆ ಗೊತ್ತಿತ್ತು," ಎಂದ.

"ಅಪ್ಪ ನನಗೆ ಮೊದಲ ದಿನವೇ ಹೇಳ್ಕೊಟ್ಟಿದ್ದು ಅದು. ಹಲಗೆಗೂ ಅದೇ, ಗಾಳಕ್ಕೂ ಅದೇ."

"ನನಗೆ ಯಾಕೆ ಹೇಳಲಿಲ್ಲ?"

ಅಣ್ಣ ಸಮುದ್ರದ ಕಡೆ ನೋಡಿದ. ಸುಳ್ಳು ಹೇಳುವ ಮುಖವಾಗಿರಲಿಲ್ಲ ಅದು. ಬಹಳ ದಿನದಿಂದ ಹೊತ್ತ ಭಾರವನ್ನು ಎಲ್ಲಾದರೂ ಇಳಿಸಿದರೆ ಸಾಕೆನ್ನುವ ಮುಖ. "ಕಲಿತಿದ್ರೆ ನೀನು ಹಲಗೆ ಕೇಳ್ತಿದ್ದೆ. ಹಲಗೆ ಕೊಟ್ರೆ ನಾದೋರು ಯಾರು? ನಿನ್ನ ಹಾಗೆ ಹಿಟ್ಟು ನಾದೋ ಕೈ ಅಪ್ಪನಿಗೂ ಇರಲಿಲ್ಲ, ನನಗೂ ಇಲ್ಲ. ಬೇಕರಿ ನಿಂತಿರೋದೇ ನಿನ್ನ ಹಿಟ್ಟಿನ ಮೇಲೆ. ಅಂಥವನನ್ನ ತಂದು ಬೆಂಕಿ ಮುಂದೆ ನಿಲ್ಲಿಸಿ ನಾನೇನು ಮಾಡ್ಲಿ?"

ಮೂವತ್ತು ವರ್ಷ ಕಿವಿ ತೆರೆದು ಕಾದಿದ್ದ ಮಾತು ಅದು. ಯಾರಾದರೂ ಒಮ್ಮೆ ಅನ್ನಲಿ ಎಂದು ಎಷ್ಟು ಬೆಳಗಿನ ಜಾವ ದೇವರ ಪಟದ ಮುಂದೆ ಕೈಮುಗಿದು ನಿಂತಿದ್ದನೋ. ಬಂತು, ಬರುವಾಗ ಹಾವಿನ ಹೆಡೆಯ ಮೇಲೆ ಕೂತು ಬಂತು.

"ಇದನ್ನ ಮೊದಲೇ ಹೇಳಿದ್ದಿದ್ರೆ ನಾನು ಹಲಗೆ ಕೇಳ್ತಾನೇ ಇರಲಿಲ್ಲ," ಎಂದ ತಮ್ಮ.

"ಹೊಗಳಿದ್ರೆ ತಲೆ ತಿರುಗುತ್ತೆ ಅಂತ ಅಂದ್ಕೊಂಡೆ."

"ಅದಕ್ಕೆ ನೀನು ನನ್ನ ಕೈ ಮುರಿದೆ."

"ಮುರಿದಿಲ್ಲವಲ್ಲೋ," ಎಂದ ಅಣ್ಣ. ಆಮೇಲೆ ಆ ಮಾತು ತನಗೇ ಸರಿ ಕಾಣದೆ ಕನ್ನಡಕ ಹಾಕಿಕೊಂಡ. "ಮಾತು ಅಂದ್ರೆ ಮಾತು. ನಾಳಿದ್ದಿನಿಂದ ಹಲಗೆ ನಿಂದು."

ಹೀಗೆ ಹಲಗೆ ಅವನ ಕೈಗೆ ಬಂತು. ಹೊಸ ತಿಂಗಳ ಮೊದಲ ದಿನ, ಭಟ್ಟಿಯ ಬಾಯಲ್ಲಿ ನಿಂತು, ನಾಲ್ಕು ಬ್ರೆಡ್ಡು ಇಟ್ಟು ಒಳಕ್ಕೆ ತಳ್ಳಿ, ಎಡಗೈಯಿಂದ ಜಗ್ಗಿದ. ನಾಲ್ಕೂ ಹಿಂದಿನ ಗೋಡೆಯ ಪಕ್ಕ ಸಾಲಾಗಿ ಕೂತವು. ಎರಡನೆಯ ಹಲಗೆಯಲ್ಲಿ ಒಂದು ಮಗುಚಿತು. ಮೂರನೆಯದರಿಂದ ಒಂದೂ ಮಗುಚಲಿಲ್ಲ. ಅರ್ಧ ಗಂಟೆಯೊಳಗೆ ಕಲಿತು ಮುಗಿದಿತ್ತು. ಕಷ್ಟವಾಗಿದ್ದರೆ ಅವನ ಮನಸ್ಸಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಮೂವತ್ತು ವರ್ಷವನ್ನು ಕೊಟ್ಟು ಕೊಂಡ ವಸ್ತು ಇಷ್ಟು ಹಗುರವೆ ಎಂದು ಹಲಗೆಯನ್ನು ತಿರುಗಿಸಿ ತಿರುಗಿಸಿ ನೋಡಿದ.

ಕಷ್ಟ ಬಂದದ್ದು ಕೋಣೆಯ ಇನ್ನೊಂದು ತುದಿಯಿಂದ. ನಾದುವ ಮೇಜಿಗೆ ಈಗ ಅಳಿಯ. ಅವನು ನಾದಿದ ಹಿಟ್ಟು ಇಟ್ಟಿಗೆಯಂತಾಗುತ್ತಿತ್ತು. ಭಟ್ಟಿಯಲ್ಲಿ ಎಷ್ಟು ಹದವಾಗಿ ಬೇಯಿಸಿದರೂ ಬ್ರೆಡ್ಡು ಮೇಲೇಳದೆ ಚಪ್ಪಟೆಯಾಗಿ, ಮುನಿಸಿಕೊಂಡವರಂತೆ ಹೊರಬರುತ್ತಿತ್ತು. ಒಂದು ವಾರ ಕೊಳ್ಳುವವರು ಸುಮ್ಮನಿದ್ದರು. ಎರಡನೆಯ ವಾರ ಒಬ್ಬ ಮುದುಕ ಬ್ರೆಡ್ಡನ್ನು ಕೈಯಲ್ಲಿ ತೂಗಿ, "ಇದು ತಿನ್ನೋದಕ್ಕಾ, ಬಾಗಿಲಿಗೆ ಅಡ್ಡ ಇಡೋದಕ್ಕಾ?" ಎಂದು ಕೇಳಿದ. ಇನ್ನೊಬ್ಬಳು, "ದೊಡ್ಡೋರು ಭಟ್ಟಿ ಬಿಟ್ಟ ಮೇಲೆ ಕೈಗುಣ ಹೋಯ್ತು ನೋಡಿ" ಎಂದಳು. ತಮ್ಮ ಕೇಳಿಸಿಕೊಂಡ. ಹಲಗೆ ಅಣ್ಣನದಾಗಿದ್ದಾಗ ಹೊಗಳಿಕೆ ಹಲಗೆಗೆ ಬಂತು; ತನ್ನದಾದ ಮೇಲೆ ಬೈಗುಳವೂ ಹಲಗೆಗೇ ಬಂತು.

ಅಣ್ಣ ದಿನವೂ ಬಂದು ಹಿಟ್ಟಿನ ಚೀಲಗಳ ಮೇಲೆ ಕೂರುತ್ತಿದ್ದ. ತಮ್ಮ ತಾನಾಗಿ ಮೇಜಿಗೆ ಮರಳಲಿ ಎಂದು ಕಾಯುತ್ತಿದ್ದನೋ, ಸುಮ್ಮನೆ ಹೋಗಲು ಬೇರೆ ಜಾಗವಿಲ್ಲದೆ ಕೂರುತ್ತಿದ್ದನೋ. ಅವರಿಬ್ಬರ ನಡುವೆ ಈಗ ಮಾತು ಎಂದರೆ ಕಟ್ಟಿಗೆ ಬಂತಾ, ಉಪ್ಪು ಮುಗೀತಾ, ಅಷ್ಟೇ. ರಜೆಯ ದಿನ ದಡಕ್ಕೆ ಅಣ್ಣ ಬರುವುದು ನಿಂತಿತ್ತು. ದಿಬ್ಬದಾಚೆಗೆ ಎಸೆದು ಹಿಡಿದ ಮೊದಲ ದೊಡ್ಡ ಮೀನನ್ನು ತಮ್ಮ ಟೀಚರಮ್ಮನಿಗೆ ಕೊಟ್ಟು ಬರಿಗೈಯಲ್ಲಿ ಮನೆಗೆ ಬಂದಿದ್ದ.

ಒಂದು ಬೆಳಿಗ್ಗೆ ಅಳಿಯ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು, ಅಳುವುದೊಂದು ಬಾಕಿ ಎಂಬಂತೆ ಕೇಳಿದ.

"ಚಿಕ್ಕಮಾವ, ನಾನೇನು ತಪ್ಪು ಮಾಡ್ತಿದೀನಿ ಹೇಳಿ. ನೀವು ಮಾಡಿದ್ರೆ ಬೆಣ್ಣೆ ಥರ ಇರುತ್ತೆ. ನಂದು ಯಾಕೆ ಹಿಂಗಾಗುತ್ತೆ?"

ತಪ್ಪು ಏನೆಂದು ತಮ್ಮನಿಗೆ ಮೊದಲ ದಿನವೇ ಕಂಡಿತ್ತು. ಹಿಟ್ಟು ಕೈಗೆ ಅಂಟಿದಾಗಲೆಲ್ಲ ಹುಡುಗ ಮೇಲೆ ಒಣಹಿಟ್ಟು ಉದುರಿಸುತ್ತಿದ್ದ. ಎರಡು ವಾರ ತಾನೂ ಅದನ್ನು ನೋಡುತ್ತ, ನಾಲಿಗೆಯ ತುದಿಗೆ ಬಂದದ್ದನ್ನು ಒಳಗೇ ಇಟ್ಟುಕೊಂಡಿದ್ದ. ಯಾಕೆ ಎಂದು ಕೇಳಿಕೊಂಡಿರಲಿಲ್ಲ. ಕೇಳಿಕೊಂಡಿದ್ದರೆ ಉತ್ತರ ಬಂದುಬಿಡುತ್ತಿತ್ತು.

ಚೀಲದ ಮೇಲೆ ಕೂತ ಅಣ್ಣ ತಲೆಯೆತ್ತಿದ.

ತಮ್ಮ ಹಲಗೆಯನ್ನು ಗೋಡೆಗೆ ಒರಗಿಸಿ ಮೇಜಿನ ಹತ್ತಿರ ಹೋದ. "ಅಂಟಿದ್ರೆ ಅಂಟಲಿ. ಒಣಹಿಟ್ಟು ಮುಟ್ಟಬೇಡ," ಎಂದ, ಕೋಣೆಯ ಮೂಲೆಗೂ ಕೇಳುವ ಹಾಗೆ. "ಕೈ ಒದ್ದೆ ಮಾಡ್ಕೋ. ಮಡಚು, ತಿರುಗಿಸು, ಮಡಚು. ಹತ್ತು ಸಲ. ಆಮೇಲೆ ಬಟ್ಟೆ ಮುಚ್ಚಿ ಬಿಟ್ಟುಬಿಡು. ನೀನು ಸುಮ್ಮನಿದ್ದಾಗಲೇ ಅದು ಕೆಲಸ ಮಾಡೋದು. ಮತ್ತೆ ಬಂದು ಹತ್ತು ಸಲ. ಮೂರನೇ ಸಲಕ್ಕೆ ತಾನಾಗೇ ಕೈ ಬಿಡುತ್ತೆ. ನೀರು ಉಗುರುಬೆಚ್ಚಗಿರಲಿ, ಮಣಿಕಟ್ಟಿಗೆ ಹಾಕಿ ನೋಡ್ಕೋ. ಉಪ್ಪು ಕೊನೆಗೆ. ಇಷ್ಟೇ. ಇದರಲ್ಲಿ ನನ್ನ ಹತ್ತಿರ ಉಳಿಸ್ಕೊಂಡಿರೋದು ಇನ್ನೇನೂ ಇಲ್ಲ."

"ಇಷ್ಟೇನಾ?" ಎಂದ ಅಳಿಯ.

"ಇಷ್ಟೇ. ಒಂದು ನಿಮಿಷದ ಮಾತು."

ಕಲಿಸುವುದು ದೊಡ್ಡ ಪುಣ್ಯ ಎಂದು ತಿಳಿದವರು ಹೇಳುತ್ತಾರೆ. ಆದರೆ ಯಾವ ಮನಸ್ಸಿನಿಂದ ಕಲಿಸಿದೆ ಎಂದು ಮೇಲಿರುವವನು ಕೇಳಿದರೆ ತನ್ನ ಬಳಿ ಜವಾಬಿಲ್ಲ ಎಂಬುದು ತಮ್ಮನಿಗೆ ಆ ಗಳಿಗೆಯಲ್ಲೇ ತಿಳಿದಿತ್ತು. ಮಾತು ಅಳಿಯನ ಕಡೆಗೆ ಹೋಗುತ್ತಿತ್ತು, ಕಣ್ಣು ಚೀಲಗಳ ಕಡೆಗಿತ್ತು. ಪ್ರತಿಯೊಂದು ಮಾತೂ ಎಲ್ಲಿ ನಾಟುತ್ತಿದೆ ಎಂದು ಅವನು ನೋಡುತ್ತಿದ್ದ, ಪ್ರತಿಯೊಂದೂ ನಾಟುತ್ತಿತ್ತು.

ಅಣ್ಣ ನಿಧಾನವಾಗಿ ಎದ್ದ. ಪಂಚೆಗೆ ಹತ್ತಿದ ಹಿಟ್ಟನ್ನು ಕೊಡವಿಕೊಂಡ. "ಕೇಳಿಸ್ಕೊಂಡ್ಯಾ? ಹಂಗೇ ಮಾಡು," ಎಂದು ಅಳಿಯನಿಗೆ ಹೇಳಿದ. ಬಾಗಿಲ ಬಳಿ ಚಪ್ಪಲಿಯನ್ನು ಕಾಲಿನಿಂದಲೇ ತಡಕಿ ಹುಡುಕಿ, ಹಾಕಿಕೊಂಡು, ಬಿಸಿಲಿಗಿಳಿದ. ಬೀದಿಯಲ್ಲಿ ಎರಡು ಹೆಜ್ಜೆ ತಪ್ಪು ಕಡೆಗೆ ಹೋಗಿ, ಗೋಡೆ ಮುಟ್ಟಿ, ತಿರುಗಿ ಸರಿದಾರಿ ಹಿಡಿದ.

ತಮ್ಮ ಅವನ ಹಿಂದೆ ಹೋಗಲು ಒಂದು ಕಾಲು ಎತ್ತಿದ. ಆಗ ಸೀದ ವಾಸನೆ ಮೂಗಿಗೆ ಬಡಿಯಿತು. ಓಡಿ ಹೋಗಿ ಭಟ್ಟಿಯ ಬಾಗಿಲು ತೆಗೆದರೆ ಹೊಗೆ. ಮಾತಿನಲ್ಲಿ ಹೊತ್ತು ಮೀರಿತ್ತು. ಹಿಂದಿನ ಸಾಲಿನ ಹನ್ನೆರಡೂ ಬ್ರೆಡ್ಡುಗಳ ತಳ ಕಪ್ಪಾಗಿತ್ತು. ಅವನ್ನು ಒಂದೊಂದಾಗಿ ಹೊರಗೆ ತೆಗೆದು ಕಲ್ಲಿನ ಮೇಲೆ ಸಾಲಾಗಿ ಇಟ್ಟ. ಅಳಿಯ ಬೆನ್ನು ತಿರುಗಿಸಿ, ಕೈ ಒದ್ದೆ ಮಾಡಿಕೊಂಡು, ಮಡಚು, ತಿರುಗಿಸು ಎಂದು ಪಿಸುಗುಟ್ಟುತ್ತ ನಾದುತ್ತಿದ್ದ. ತಮ್ಮ ಚಾಕು ತೆಗೆದುಕೊಂಡು ಕರಕು ಹೆರೆಯಲು ಕೂತ. ಬೈಯುವವರು ಯಾರೂ ಇರಲಿಲ್ಲ.